ಬಾಯ್ಲರಕ್ಕನ ಗೈರುಹಾಜರಿ

“ಥೂ ನಿನ್ನ ಜನ್ಮಕ್ಕಿಷ್ಟು! ಒಂಬತ್ತು ದಿನದಿಂದ ಪತ್ತೆ ಇಲ್ಲ, ಈಗ ನನ್ನೆದುರಿಗೇ ನಿಂತ್ಕೊಂಡು ದಿನಾ ಬಂದಿದ್ದೀನಿ ಅಂತೀಯಲ್ಲೇ, ನಾಚ್ಕೆ ಆಗಲ್ವಾ ಮುಂಡೇದೆ?”

ಬಾಯ್ಲರಕ್ಕನ ಏಪ್ರನ್ನಿನಿಂದ ನೀರು ತೊಟ್ಟಿಕ್ಕಿ ಮ್ಯಾನೇಜರನ ಕೋಣೆಯ ನೆಲ ಒದ್ದೆಯಾಗುತ್ತಿತ್ತು. ನಾಲ್ಕು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಬೆಳಗಿನ ಐದಕ್ಕೆ ಬಂದು ಬಾಯ್ಲರ್ ಹೊತ್ತಿಸುವವಳು ಅವಳೇ. ಹಬೆ ಏರದೆ ಒಂದು ಯಂತ್ರವೂ ಅಲುಗಾಡುವುದಿಲ್ಲ. ಹಾಗಾಗಿ ಮಿಕ್ಕ ಹೆಂಗಸರು ಆರಕ್ಕೆ ಬಂದರೆ ಇವಳು ಒಂದು ಗಂಟೆ ಮುಂಚೆ ಬರಬೇಕು. ಹೆತ್ತವರು ಇಟ್ಟ ಹೆಸರು ಅವಳಿಗೂ ಒಂದಿತ್ತು, ಆದರೆ ಗೇಟಿನ ವಾಚ್‌ಮನ್ ಟೈಪ್ ಮಾಡುವಾಗ ಬಿಟ್ಟರೆ ಅದನ್ನು ಬಳಸುವವರು ಯಾರೂ ಇರಲಿಲ್ಲ.

“ಸಾಹೇಬ್ರೇ, ನಾನು ಬರ್ದೇ ಇದ್ರೆ ಬಾಯ್ಲರ್ ಹೊತ್ತಿಸಿದ್ದು ಯಾರು? ಅದೇನು ತಾನೇ ಕಡ್ಡಿ ಗೀರ್ಕೊಳ್ಳುತ್ತಾ?”

“ಬಾಯಿ ಮುಚ್ಚು! ಕಂಪ್ಯೂಟರ್ ಗೈರು ಅಂದ್ರೆ ಗೈರು. ನಾಳೆಗೆ ಹತ್ತಾಗುತ್ತೆ. ಒಂದೇ ಸಮ ಹತ್ತು ದಿನ ಬರ್ಲಿಲ್ಲ ಅಂದ್ರೆ ಕೆಲಸ ಬಿಟ್ಟ ಹಾಗೆ, ಕಂಪನಿ ಕಾರ್ಡ್ ಬಂದ್. ನಡಿ ಆಚೆ. ನೆಲ ಒರ್ಸಿ ಹೋಗು.”

ಈ ಸಾಹೇಬನಿಗೆ ಹೆಂಗಸರು ಇಟ್ಟ ಹೆಸರು ಇಸ್ತ್ರಿ. ಮನೆಮಂದಿಯ ಅಂಗಿಗಳನ್ನೆಲ್ಲ ತಂದು ಕಾರ್ಖಾನೆಯಲ್ಲೇ ಪುಕ್ಕಟೆ ಇಸ್ತ್ರಿ ಮಾಡಿಸಿಕೊಳ್ಳುವ ಮಹಾನುಭಾವ. ಅವನ ಅಂಗಿ ತೋಳಿನ ಮೇಲೆ ಒಂದು ಸುಕ್ಕು ಕಂಡರೂ ಯಾರಿಗೋ ಒಬ್ಬಳಿಗೆ ಅವತ್ತು ಗ್ರಹಚಾರ. ಬಾಯ್ಲರಕ್ಕ ಮಂಡಿಯೂರಿ ತನ್ನ ಏಪ್ರನ್ನಿನಲ್ಲೇ ನೆಲ ಒರೆಸಿದಳು. ಇದೇ ಕಾರ್ಖಾನೆಯ ಬ್ಲೀಚಿನ ಘಾಟು ಕುಡಿದು ಎದೆ ಕೆಡಿಸಿಕೊಂಡ ಗಂಡ ಮನೆಯಲ್ಲಿ ಗೋಡೆಗೊರಗಿ ಕೂತಿದ್ದ. ಅವನ ಔಷಧಿ ಸಿಗುತ್ತಿದ್ದದ್ದು ಈ ಕಾರ್ಡ್ ತೋರಿಸಿದರೆ ಮಾತ್ರ. ಕಾರ್ಡ್ ಹೋದರೆ ಅವನ ಉಸಿರಿಗೂ ಕುತ್ತು.

ಮೆಟ್ಟಿಲ ಬಳಿ ಕಂಪ್ಯೂಟರ್ ಹುಡುಗಿ ಅವಳ ಕೈಹಿಡಿದು ಪಕ್ಕಕ್ಕೆ ಎಳೆದಳು. ಕಿಟಕಿಯಿಲ್ಲದ ಗೂಡಿನಲ್ಲಿ ದಿನವಿಡೀ ಕೂರುವ, ಗುತ್ತಿಗೆಯ ಮೇಲೆ ಬಂದ ಹುಡುಗಿ.

“ಅಕ್ಕಾ, ಯಾರಿಗೂ ನಾನು ಹೇಳ್ದೆ ಅನ್ಬೇಡಿ. ಗೇಟಲ್ಲಿ ವಾಚ್‌ಮನ್ ಅಣ್ಣ ಬಂದೋರ್ದೆಲ್ಲ ಒಂದೊಂದು ಸಾಲು ಟೈಪ್ ಮಾಡ್ತಾರಲ್ಲ, ಹೆಸರು, ಕಾಮಾ, ನಂಬರು, ಕಾಮಾ, ಟೈಮು ಅಂತ? ಆ ಫೈಲನ್ನ ಮಧ್ಯಾಹ್ನ ನಾನು ಹೆಡ್ಡಾಫೀಸಿನ ದೊಡ್ಡ ಪಟ್ಟಿಗೆ ತುಂಬ್ಬೇಕು. ಮುಂಚೆ ಫೈಲಿನ ಮೊದಲ ಸಾಲಲ್ಲಿ ‘ಹೆಸರು, ನಂಬರು, ಟೈಮು’ ಅಂತ ತಲೆಬರಹ ಇರ್ತಿತ್ತು. ತಲೆಬರಹ ಮನುಷ್ಯ ಅಲ್ವಲ್ಲ, ಅದಕ್ಕೆ ಮೊದಲ ಸಾಲು ಬಿಟ್ಟು ಮಿಕ್ಕಿದ್ದು ತಗೋ ಅಂತ ಯಾವ ಕಾಲದಲ್ಲೋ ಕಂಪ್ಯೂಟರಿಗೆ ಹೇಳಿಟ್ಟಿದ್ದಾರೆ.”

“ಸರಿ.”

“ಹೋದ ವಾರ ಸಾಹೇಬ್ರು ತಲೆಬರಹ ಗಿಲೆಬರಹ ಎಲ್ಲ ಟೈಮ್ ವೇಸ್ಟು, ತೆಗಿ ಅಂತ ವಾಚ್‌ಮನ್‌ಗೆ ಹೇಳಿದ್ರು. ಈಗ ಮೊದಲ ಸಾಲಲ್ಲಿ ಇರೋರು ಯಾರು?”

“ನಾನು. ಐದು ಗಂಟೆಗೆ ಇನ್ನು ಯಾವ ದೆವ್ವ ಬರುತ್ತೆ?”

“ಹೂಂ. ನಿಮ್ಮನ್ನ ಬಿಟ್ಟು ಮಿಕ್ಕೋರನ್ನ ತಗೊಳುತ್ತೆ.”

ಬಾಯ್ಲರಕ್ಕ ಹಣೆ ಚಚ್ಚಿಕೊಂಡಳು. ಹನ್ನೆರಡು ವರ್ಷ ಎಲ್ಲರಿಗಿಂತ ಮೊದಲು ಬಂದದ್ದಕ್ಕೆ ಸಿಕ್ಕ ಬಿರುದು ಇದು! “ಸಾಹೇಬ್ರಿಗೆ ಹೇಳಕ್ಕೇನು ರೋಗ?”

“ಹೇಳ್ದೆ. ನಂಗೇ ಕಲಿಸಕ್ಕೆ ಬರ್ತೀಯಾ ಕತ್ತೆ ಅಂದ್ರು. ಅದನ್ನ ಬದಲಾಯಿಸೋ ಅರ್ಜಿಗೆ ಅವರದ್ದೇ ಸಹಿ ಬೇಕು. ವಾಚ್‌ಮನ್ ಅಣ್ಣಂಗೂ ಒಂದಕ್ಷರ ಹೆಚ್ಚಿಗೆ ಹೊಡೆದ್ರೆ ಮನೆಗೆ ಅಂತ ಹೆದರಿಸಿಟ್ಟಿದ್ದಾರೆ.”

ಬಟ್ಟೆ ಮಡಿಸುವ ಮೇಜಿನ ಸುತ್ತ ಸುದ್ದಿ ಹರಡಲು ಒಂದು ಹಾಸಿಗೆ ಬಟ್ಟೆ ಮಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಬಾಯ್ಲರಕ್ಕನ ನಾದಿನಿಯೂ ಅಲ್ಲೇ ಕೆಲಸದವಳು, ಅವಳ ಬಾಯಿಗೆ ಹೆದರಿ ಇಸ್ತ್ರಿಯೂ ಆ ಕಡೆ ಸುಳಿಯುತ್ತಿರಲಿಲ್ಲ.

“ಅತ್ತಿಗೇ, ನಾಳೆ ನಾನು ಐದಕ್ಕೆ ಬಂದು ಮೊದಲು ನಿಲ್ತೀನಿ. ನನ್ನ ನುಂಗ್ಲಿ ಬೇವರ್ಸಿ ಕಂಪ್ಯೂಟರು.”

“ನೀನ್ಯಾಕೆ? ನಾನು ನಿಲ್ತೀನಿ,” ಎಂದಳು ಕಲೆ ತೆಗೆಯುವ ಮುದುಕಿ. “ನಾಡಿದ್ದು ನಾನು,” ಎಂದಳು ಬಸುರಿ ಹೆಂಗಸೊಬ್ಬಳು. ಗಳಿಗೆ ಕಳೆಯುವುದರೊಳಗೆ ಗೈರುಹಾಜರಾಗಲು ನಾ ಮುಂದು ತಾ ಮುಂದು ಎಂದು ಜಗಳವೇ ಹತ್ತಿಕೊಂಡಿತು. ಬಾಯ್ಲರಕ್ಕನಿಗೆ ಸಿಟ್ಟು ಬಂತು, ಮೇಜು ಗುದ್ದಿದಳು.

“ಸುಮ್ನಿರ್ರೇ! ದುಡಿಯೋರೂ ನಾವೇ, ಅದರ ಬಾಯಿಗೆ ಬೀಳೋರೂ ನಾವೇನಾ? ಅದಕ್ಕೆ ಒಬ್ಬರು ಬೇಕು ಅಷ್ಟೇ ತಾನೆ? ಒಂಬತ್ತು ಗಂಟೆಗೆ ಸೀಟಿ ಹಾಕ್ಕೊಂಡು ಬಂದು ಕೊನೇ ಸಾಲಲ್ಲಿ ಬರೆಸ್ಕೊಳ್ತಾನಲ್ಲ ಇಸ್ತ್ರಿ, ಅವನು ಒಂದಿನ ಮೊದಲು ಹೋಗ್ಲಿ.”

ಮರುದಿನ ಆರು ಗಂಟೆಗೆ ಗೇಟಿನ ಹೊರಗೆ ಮೂವತ್ತೊಂಬತ್ತು ಹೆಂಗಸರು. ಬಾಯ್ಲರ್ ತಣ್ಣಗಿತ್ತು. ವಾಚ್‌ಮನ್ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ.

“ಬನ್ರಮ್ಮಾ ಒಳಗೆ, ಯಾಕೆ ನಿಂತ್ರಿ?”

“ಹೋಗೇ ನೀನು.”

“ಅಯ್ಯೋ, ನೀವು ಹಿರಿಯರು, ನೀವು ನಡೀರಿ.”

“ನಂಗೆ ಮಂಡಿ ನೋವಮ್ಮ, ನಿಧಾನ. ನೀನು ನಡಿ.”

ಮದುವೆಮನೆಯ ಬೀಗರೂ ಇಷ್ಟು ಉಪಚಾರ ಮಾಡಿಕೊಂಡಿರಲಾರರು. ಏಳಾಯಿತು. ಆಸ್ಪತ್ರೆಯವರು ಬಟ್ಟೆಗಾಗಿ ಒಬ್ಬರ ಹಿಂದೊಬ್ಬರು ಫೋನ್ ಮಾಡಿದರು. ವಾಚ್‌ಮನ್ ಬೆವತುಹೋಗಿ ಸಾಹೇಬನಿಗೆ ಫೋನ್ ಹಚ್ಚಿದ.

ಏಳೂಮುಕ್ಕಾಲಿಗೆ ಇಸ್ತ್ರಿ ಓಡೋಡಿ ಬಂದ. ಅಂಗಿ ಮುದುಡಿ ಮುದ್ದೆಯಾಗಿತ್ತು, ಗುಂಡಿಗಳು ಮೇಲೆ ಕೆಳಗಾಗಿದ್ದವು. ನಾದಿನಿ ಕಿಸಕ್ಕನೆ ನಕ್ಕಳು.

“ಏನ್ರೇ ಹಾಳು ಮುಂಡೇವಾ, ಆಟ ಆಡ್ತಿದ್ದೀರಾ? ಅಲ್ಲಿ ಆಪರೇಷನ್ ನಿಂತಿದೆ! ನುಗ್ಗಿ ಒಳಗೆ!”

ಬಾಯ್ಲರಕ್ಕ ಸೆಟೆದು ನಿಂತಳು. “ದೊಡ್ಡೋರು ನೀವು ಮೊದಲು ನಡೀರಿ ಸಾಹೇಬ್ರೇ. ನಿಮ್ಮ ಹಿಂದೆ ನಾವು.”

“ಹೂಂ! ಈಗಲಾದ್ರೂ ದೊಡ್ಡೋರು ಯಾರು ಅಂತ ಗೊತ್ತಾಯ್ತಲ್ಲ,” ಎಂದು ಇಸ್ತ್ರಿ ಎದೆ ಉಬ್ಬಿಸಿಕೊಂಡು ಒಳಗೆ ಹೆಜ್ಜೆಯಿಟ್ಟ. “ಬರ್ಕೊಳ್ಳೋ, ನನ್ನ ಹೆಸರು ಮೇಲಿರ್ಲಿ!”

ವಾಚ್‌ಮನ್ ಬರೆದುಕೊಂಡ. ಮೂವತ್ತೊಂಬತ್ತು ಜನ ಕುರಿಗಳಂತೆ ತಲೆತಗ್ಗಿಸಿ ಹಿಂದೆ ನಡೆದರು, ನಗು ಕಾಣಬಾರದಲ್ಲ.

ಮಧ್ಯಾಹ್ನ ಫೈಲು ದೊಡ್ಡ ಪಟ್ಟಿಗೆ ಹೋಯಿತು. ಕಾಲು ಗಂಟೆಯಲ್ಲಿ ಹೆಡ್ಡಾಫೀಸಿನ ಫೋನು. ಇಸ್ತ್ರಿಯ ಕಿರುಚಾಟ ಯಂತ್ರಗಳ ಸದ್ದನ್ನೂ ಮೀರಿ ಕೇಳಿತು.

“ಸಾರ್, ಗೈರು ಅಂದ್ರೇನು ಸಾರ್? ಇಲ್ಲೇ ಇದ್ದೀನಿ! ನನ್ನ ಕೋಣೇಲೇ ನಿಂತು ಮಾತಾಡ್ತಿದ್ದೀನಿ! ... ಇಲ್ಲ ಸಾರ್, ಎಲ್ಲಿಂದಾದ್ರೂ ಮಾತಾಡ್ಬಹುದು ನಿಜ, ಆದ್ರೆ ನಾನು ಇಲ್ಲಿಂದ್ಲೇ... ಸಾರ್? ಸಾರ್!”

ಕಂಪ್ಯೂಟರ್ ಹುಡುಗಿಗೆ ಬುಲಾವ್ ಹೋಯಿತು. ಆಸ್ಪತ್ರೆಗಳಲ್ಲಿ ಬೆಳಗ್ಗೆ ಬಟ್ಟೆಯಿಲ್ಲದೆ ರಂಪವಾಗಿತ್ತು, ಅದೇ ದಿನ ಮ್ಯಾನೇಜರ್ ಹೇಳದೆ ಕೇಳದೆ ಗೈರು. ಸಂಜೆಯೊಳಗೆ ಸರಿಯಾಗದಿದ್ದರೆ ಅವನ ಕುರ್ಚಿಗೇ ಸಂಚಕಾರ.

“ಆ ಸುಡುಗಾಡು ಅರ್ಜಿ ತಾರೇ, ಸಹಿ ಹಾಕಿ ಸಾಯ್ತೀನಿ!”

“ಅರ್ಜಿಗೆ ಸಹಿ ಹಾಕೋರು ಅವತ್ತು ಹಾಜರಿರ್ಬೇಕು ಸಾರ್. ನೀವು ಇವತ್ತು ಇಲ್ಲ.”

“ಇಲ್ಲೇ ನಿಂತಿದ್ದೀನಲ್ಲೇ!”

“ಪಟ್ಟೀಲಿ ಇಲ್ಲ ಸಾರ್. ಪಟ್ಟೀಲಿ ಇರೋರಲ್ಲಿ ಸರ್ವೀಸಲ್ಲಿ ಎಲ್ಲರಿಗಿಂತ ಹಳಬರು ಯಾರೋ ಅವರು, ಸಾಹೇಬ್ರು ಬಂದಿದ್ದು ನಿಜ ಅಂತ ಸಹಿ ಹಾಕ್ಬೇಕು. ಆಗ ನೀವು ಹಾಜರು.” ಹುಡುಗಿ ಪಟ್ಟಿಯ ಮೇಲೆ ಬೆರಳಾಡಿಸಿದಳು. “ಹಳಬರು ಅಂದ್ರೆ ಬಾಯ್ಲರಕ್ಕ. ಇವತ್ತು ಹಾಜರಿದ್ದಾರೆ.”

ಬಾಯ್ಲರಕ್ಕ ಮಸಿ ಕೈಯಲ್ಲೇ ಬಂದಳು. ಹಿಂದೆ ಬಾಗಿಲ ತುಂಬ, ಕಿಟಕಿಯ ತುಂಬ ಹೆಂಗಸರು. ಇಸ್ತ್ರಿ ಪೆನ್ನು ಮುಂದೆ ಚಾಚಿದ.

“ಬೇಗ ಗೀಚು. ನಾನು ಬಂದಿದ್ದು ನೋಡಿದ್ದೀಯಲ್ಲ?”

ಅವಳು ಹಿಂತಿರುಗಿ ಕೇಳಿದಳು: “ಇವರು ಬಂದಿದ್ರೇನ್ರೇ?”

“ಯಾರು?” ಎಂದಳು ನಾದಿನಿ.

“ನಮಗ್ಯಾರೂ ಕಾಣ್ಲಿಲ್ಲಮ್ಮ,” ಎಂದಳು ಮುದುಕಿ.

ಇಸ್ತ್ರಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ಬೈಯಲು ಬಾಯಿ ತೆರೆದ, ಗೋಡೆಯ ಗಡಿಯಾರ ನೋಡಿದ, ಮುಚ್ಚಿದ. ಎದುರಿನ ಕುರ್ಚಿಯನ್ನು ತಾನೇ ಎಳೆದು, “ಕೂತ್ಕೊಳ್ಳಮ್ಮ,” ಎಂದ.

ಕೂತಳು. ಕುರ್ಚಿಯ ಬಟ್ಟೆಗೆ ಮಸಿ ಹತ್ತಿತು, ಹತ್ತಲಿ ಎಂದುಕೊಂಡಳು.

“ಬಿಳಿ ಹಾಳೆ ತಗೊಳ್ಳಿ. ನಾನು ಬಂದ ಒಂಬತ್ತು ದಿನಾನೂ ಒಂದೊಂದಾಗಿ ಬರೀರಿ, ಕೆಳಗೆ ಸಹಿ ಹಾಕಿ. ಆಮೇಲೆ ನಾನು ಹಾಕ್ತೀನಿ. ಎರಡೂ ಒಟ್ಟಿಗೆ ಮೇಲೆ ಹೋಗ್ಲಿ.”

“ಕೊಬ್ಬಾ? ನಿನ್ನ ಕೆಲಸ ತೆಗೆಸ್ತೀನಿ ನೋಡ್ತಿರು!”

“ಹೆಂಗೆ ತೆಗೆಸ್ತೀರಿ? ನೀವು ಬಂದೇ ಇಲ್ವಲ್ಲ.”

ಕಿಟಕಿಯಲ್ಲಿ ನಗೆ ಭೋರ್ಗರೆಯಿತು. ಇಸ್ತ್ರಿ ಹಾಳೆ ತೆಗೆದುಕೊಂಡ. ಮೊದಲ ದಿನ ಬರೆದ. ಎರಡನೆಯ ದಿನಕ್ಕೆ ಮುದುಕಿ ಹೊರಗಿನಿಂದ ಕೂಗಿದಳು: “ಅವತ್ತು ಪೈಪ್ ಒಡೆದು ಅವಳ ಕೈ ಬೆಂದೋಯ್ತು, ಅದನ್ನೂ ಬರೀರಿ!” ಬರೆದ. ಐದನೆಯ ದಿನಕ್ಕೆ ಬಸುರಿ ಕೂಗಿದಳು: “ಅವತ್ತು ಬಾಯ್ಲರ್ ಕೆಟ್ಟು ಅವಳನ್ನ ಎರಡು ಪಾಳಿ ನಿಲ್ಲಿಸ್ಕೊಂಡ್ರಿ!” ಅದನ್ನೂ ಬರೆದ. ಬೆವರು ಹಾಳೆಯ ಮೇಲೆ ಬಿತ್ತು, ಅಂಗೈಯಿಂದ ಒರೆಸಿಕೊಂಡ. ಆರನೆಯ ಸಾಲು ಮುಗಿಸಿ ಪೆನ್ನು ಕೆಳಗಿಟ್ಟ.

“ಸಾಕಲ್ವೇನಮ್ಮ? ಟೈಮ್ ಆಗ್ತಿದೆ.”

ಬಾಯ್ಲರಕ್ಕ ಕುರ್ಚಿಗೆ ಇನ್ನಷ್ಟು ಒರಗಿದಳು.

“ಇನ್ನೂ ಮೂರು ದಿನ ಇದೆ. ಬರೀರಿ.”