ಬಾಯ್ಲರಿನ ಮುಳ್ಳು

ರಾಮನಗರದ ಬೀದಿಗಳು ಬೆಂದ ರೇಷ್ಮೆಗೂಡಿನ ವಾಸನೆಯಲ್ಲೇ ಕಣ್ಣುಬಿಡುತ್ತಿದ್ದ ಕಾಲ ಅದು. ಸಾತನೂರು, ಮಾಗಡಿ ಕಡೆಯಿಂದ ಬರುವ ಬಸ್ಸುಗಳಲ್ಲಿ ಮನುಷ್ಯರಿಗಿಂತ ಟಾಪಿನ ಮೇಲಿನ ಗೂಡಿನ ಮೂಟೆಗೇ ಮರ್ಯಾದೆ ಹೆಚ್ಚು. ರಾಗಿ ಬಿತ್ತುತ್ತಿದ್ದವರೆಲ್ಲ ಹಿಪ್ಪುನೇರಳೆ ನೆಟ್ಟರು; ಅವರಲ್ಲಿ ಸ್ವಲ್ಪ ಎದೆಗಾರಿಕೆ ಇದ್ದವರು ಪೇಟೆಗೆ ಬಂದು ನೂಲು ಬಿಚ್ಚಾಣಿಕೆ ಶುರುಮಾಡಿದರು. ಕೂಟಗಲ್ಲಿನ ಬೋರಲಿಂಗಯ್ಯ ಹಾಗೆ ಬಂದವನು. ಮನೆಯ ಹಿಂದೊಂದು ತಗಡಿನ ಶೆಡ್ಡು, ಅದರಲ್ಲಿ ಯಾರೋ ಬಳಸಿ ಬಿಟ್ಟ ಬಾಯ್ಲರು. ಅದರ ಹಬೆ ಪೈಪಿನಲ್ಲಿ ಹರಿದು ಬೇಸಿನ್ನುಗಳ ನೀರು ಕಾಯಿಸಬೇಕು, ಆ ನೀರಿನಲ್ಲಿ ಗೂಡು ಮೆತ್ತಗಾಗಿ ಎಳೆ ಬಿಡಬೇಕು. ಬಾಯ್ಲರಿನ ನೆತ್ತಿಯ ಮೀಟರಿನಲ್ಲಿ ಹಬೆಯ ಒತ್ತಡ ತೋರುವ ಒಂದು ಮುಳ್ಳು. ಮುಳ್ಳು ಮೇಲಿದ್ದರೆ ಬೋರಲಿಂಗಯ್ಯನ ಮೀಸೆಯೂ ಮೇಲೆ.

ಆ ಚಳಿಗಾಲ ಮುಳ್ಳು ಇಳಿಯತೊಡಗಿತು.

ಸೌದೆ ಎಷ್ಟು ತುರುಕಿದರೂ ಒತ್ತಡ ನಿಲ್ಲದು. ಗೂಡು ಅರೆಬೆಂದು ಎಳೆ ಮಾತೆತ್ತಿದರೆ ಕಡಿಯುತ್ತಿತ್ತು. ನೂಲು ತೆಗೆಯುವ ಹೆಂಗಸರು ಕೈಕಟ್ಟಿ ಕೂತರು. ತಂದಿಟ್ಟ ಗೂಡೇನೂ ಯಜಮಾನನ ಕಷ್ಟ ನೋಡಿ ಕಾಯುವುದಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಬಂದರೆ ಆ ಗೂಡು ಕಸಕ್ಕೆ ಸಮ.

"ಹೊಗೆ ಬತ್ತೈತೆ, ಹಬೆ ಎಲ್ಲೋಯ್ತದೆ?" ಎಂದು ಹೆಂಡತಿ ಸರಸಮ್ಮ ಕೇಳಿದರೆ ಅವನು ಇನ್ನೆರಡು ಸೌದೆ ತುರುಕುತ್ತಿದ್ದ.

ಇಷ್ಟರ ನಡುವೆ ಅವನಿಗಿದ್ದ ಸಮಾಧಾನವೆಂದರೆ ತಾಯಿ ಮಾಯಮ್ಮ. ಕೂಟಗಲ್ಲಿನಲ್ಲಿ ಕಿರಿಮಗ ಚಿಕ್ಕಯ್ಯ ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ. ಆದರೂ ಹಿರಿಮಗನ ಮನೆಯಲ್ಲಿ ಅವ್ವ ನಿಲ್ಲುವುದಿಲ್ಲವೆಂಬ ಮಾತು ಬೋರಲಿಂಗಯ್ಯನನ್ನು ಚುಚ್ಚುತ್ತಿತ್ತು. ಹಿಂದೆ ಕರೆತಂದಾಗಲೆಲ್ಲ ಅವಳು, "ಕೂಸಿನಂಗೆ ಸಾಕಿದ್ ಹುಳಾನ ಬೇಯ್ಸೋ ಮನೇಲಿ ನಂಗೆ ನಿದ್ದೆ ಬರಾಕಿಲ್ಲ ಕಣ್ಲಾ" ಎಂದು ಸೀರೆ ಗಂಟು ಕಟ್ಟಿ ಬಸ್ಸು ಹತ್ತಿದ್ದಳು. ಈ ಸಲ ಮಾತ್ರ ಚಳಿ ಹಿಡಿದಾಗಿನಿಂದ ಊರಿನ ಸುದ್ದಿಯೇ ಎತ್ತಿರಲಿಲ್ಲ. ಹಿಂದಿನ ಪಡಸಾಲೆಯ ಮೂಲೆಯಲ್ಲಿ ಗೋಣಿ ಹಾಸಿಕೊಂಡು, ಎಲೆಯಡಿಕೆ ಮೆಲ್ಲುತ್ತಾ ಹಾಯಾಗಿದ್ದಳು. "ಅವ್ವ ಈ ಸಲ ಒಗ್ಗವ್ಳೆ" ಎಂದು ಅವನು ಗೂಡಿನ ಮಾರ್ಕೆಟ್ಟಿನಲ್ಲೆಲ್ಲ ಡಂಗುರ ಸಾರಿದ್ದ.

ರಿಪೇರಿಗೆ ಅಸದುಲ್ಲಾ ಬಂದ. ಪೇಟೆಯ ಅರ್ಧ ಬಾಯ್ಲರುಗಳ ನಾಡಿ ಹಿಡಿದವನು. ಮೊದಲು ಸೇಫ್ಟಿ ವಾಲ್ವಿನ ಮೇಲೆ ಗುಮಾನಿಪಟ್ಟ. ಬಿಚ್ಚಿ, ಉಜ್ಜಿ, ಕೂರಿಸಿದ. ಏನೂ ಪ್ರಯೋಜನವಾಗಲಿಲ್ಲ. ಆಮೇಲೆ ಬಾಯ್ಲರಿನಿಂದ ಹಬೆ ಹೊರಡುವ ದೊಡ್ಡ ವಾಲ್ವನ್ನೇ ಮುಚ್ಚಿ ಕಾದ. ಮುಳ್ಳು ಇಳಿಯದೆ ಇದ್ದಲ್ಲೇ ನಿಂತಿತು.

"ಬಾಯ್ಲರ್ ಗಟ್ಟಿ ಐತೆ ಬೋರಣ್ಣ. ಕಳ್ಳ ಪೈಪಿನಾಗವ್ನೆ."

ಬೇಸಿನ್ನುಗಳ ನಲ್ಲಿಯೆಲ್ಲ ಮುಚ್ಚಿ, ದೊಡ್ಡ ವಾಲ್ವು ತೆರೆದರು. ಯಾರೂ ಹಬೆ ಬಳಸದಿದ್ದರೂ ಮುಳ್ಳು ಇಳಿಯಿತು. ಜಾಯಿಂಟುಗಳನ್ನು ಒಂದೊಂದಾಗಿ ನೋಡಿದರು. ಎಲ್ಲೂ ಎಳೆಯಷ್ಟು ಹಬೆಯಿಲ್ಲ.

"ಕಾಣೋ ಪೈಪೆಲ್ಲ ನೋಡ್ದೆ. ಕಾಣ್ದಿರೋದು ಎಲ್ಲೈತೆ?" ಎಂದ ಅಸದುಲ್ಲಾ.

ಬೋರಲಿಂಗಯ್ಯನಿಗೆ ಆಗ ಹೊಳೆಯಿತು. ಗೂಡಿನ ಹುಳು ಸಾಯಿಸುವ ಕೋಣೆಗೆ ಹೋಗುವ ಪೈಪು ಪಡಸಾಲೆಯ ನೆಲದಡಿ ಹೂತಿತ್ತು. ಇಬ್ಬರೂ ಚಪ್ಪಲಿ ಬಿಟ್ಟು ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಡೆದರು. ನೆಲ ತಣ್ಣಗೆ ಕೊರೆಯುತ್ತಿತ್ತು. ಗೋಡೆಯ ಹತ್ತಿರ ಬಂದಂತೆ ಅಂಗಾಲು ಬೆಚ್ಚಗಾಯಿತು. ಮುಂದೆ ಗೋಣಿ, ಗೋಣಿಯ ಮೇಲೆ ಮಾಯಮ್ಮ.

"ಅವ್ವ, ಒಸಿ ಏಳು."

ಅವಳೆದ್ದಳು. ಅವನು ಅಂಗೈ ಇಟ್ಟು ನೋಡಿದ. ನೆಲ ಒಲೆಯ ಪಕ್ಕದ ಕಟ್ಟೆಯಂತೆ ಕಾದಿತ್ತು.

"ಯಾವಾಗಿಂದ ಹಿಂಗೈತವ್ವ? ಯಾಕೆ ಹೇಳ್ನಿಲ್ಲ?"

"ಮಾಡ್ಸಿದೋನಿಗೇ ಹೇಳ್ಬೇಕೇನ್ಲಾ?" ಎಂದಳು ಮಾಯಮ್ಮ. "ನಿಮ್ಮಪ್ಪ ಚಳಿಗಾಲ್ದಲ್ಲಿ ಹುಳದ ಮನೇಲಿ ಇಜ್ಲು ಕೆಂಡದ ಒಲೆ ಇಡ್ತಿದ್ನಲ್ಲ. ಚಳೀಗೆ ಹುಳ ಮೇಯಾಕಿಲ್ಲ ಅಂತ ಊರಿಗೆಲ್ಲ ಹೇಳೋನು. ಒಲೆ ಮಾತ್ರ ನಾನು ನಿನ್ನ ಮಲಗಿಸ್ಕೊಂಡ ಕಡೀಕೇ ತಳ್ಳೋನು. ಬಾಯ್ಬಿಟ್ಟು ಒಂದಿನ ಹೇಳ್ದೋನಲ್ಲ. ನೀನೂ ಅವನಂಗೇಯ. ನೆಲ ಬೆಚ್ಚಗಾದಾಗ್ಲೇ ತಿಳ್ಕಂಡೆ, ನನ್ನ ಮಂಡಿನೋವು ಮಗನ ಕಣ್ಣಿಗೆ ಬಿದ್ದೈತೆ ಅಂತ."

ಬೋರಲಿಂಗಯ್ಯನಿಗೆ ನಾಚಿಕೆಯಾಯಿತು. ಅವ್ವನಿಗೆ ಮಂಡಿನೋವಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ದಿನವಿಡೀ ಮುಳ್ಳು ನೋಡಿದ್ದೇ ಹೊರತು ಅವಳು ಗೋಡೆ ಹಿಡಿದು ಏಳುವುದನ್ನು ನೋಡಿರಲಿಲ್ಲ. ಹುಳದ ಮನೆಯ ಸೊಪ್ಪಿನ ವಾಸನೆ, ತಟ್ಟೆಗಳ ಕೆಳಗಿನ ಕೆಂಡದ ಕೆಂಪು, ಕಿವಿಯವರೆಗೆ ಹೊದಿಸಿದ ಅವಳ ಸೆರಗು ಎಲ್ಲ ಒಟ್ಟಿಗೆ ನೆನಪಾದವು.

"ಅಮ್ಮಾ, ಇದು ಲೀಕು..." ಎಂದು ಅಸದುಲ್ಲಾ ಬಾಯಿ ತೆರೆದ. ಬೋರಲಿಂಗಯ್ಯ ಅವನ ರಟ್ಟೆ ಹಿಡಿದ.

"ಹೂಂ ಕಣವ್ವ, ನಾನೇ ಮಾಡ್ಸಿದ್ದು. ಒಸಿ ಕೆಟ್ಟೋಗೈತೆ, ಸರಿಮಾಡಿಸ್ಕೊಡ್ತೀನಿ. ಅಲ್ಲೀಗಂಟ ಊರಿಗೋಗ್ಬೇಡ."

ನೆಲ ಒಡೆದರು. ಪೈಪಿನ ಜಾಯಿಂಟು ತುಕ್ಕು ತಿಂದು ಬಾಯ್ಬಿಟ್ಟಿತ್ತು. ಹೊಸದು ಹಾಕಿದ ಮೇಲೆ ಮುಳ್ಳು ಏರಿ ನಿಂತಿತು. ಶೆಡ್ಡಿನಲ್ಲಿ ಎಳೆ ಸಲೀಸಾಗಿ ಓಡಿತು. ಪಡಸಾಲೆ ತಣ್ಣಗಾಯಿತು. ಅಸದುಲ್ಲಾ ಸಿಮೆಂಟು ಕಲಸಲು ಕೂತಾಗ ಬೋರಲಿಂಗಯ್ಯ ತಡೆದ. ಪೈಪಿನಲ್ಲಿ ಕೆಲಸ ಮುಗಿಸಿದ ಹಬೆ ಬಿಸಿನೀರಾಗಿ ಚರಂಡಿ ಸೇರುತ್ತಿತ್ತು. ಆ ನೀರನ್ನು ವಾಪಸು ಬಾಯ್ಲರಿನ ತೊಟ್ಟಿಗೇ ತರುವ ಒಂದು ಪೈಪು ಹಾಕೋಣ, ಅದು ಈ ಮೂಲೆಯ ಅಡಿಯಲ್ಲೇ ಹಾದುಬರಲಿ ಎಂದ.

"ನೇರ ಹಾಕುದ್ರೆ ಪೈಪು ಉಳೀತೈತೆ ಬೋರಣ್ಣ."

"ಸುತ್ಕೊಂಡೇ ಬರ್ಲಿ ಬುಡಿ ಸಾಬ್ರೆ."

ಅಸದುಲ್ಲಾ ಮಾಯಮ್ಮನ ಕಡೆ ನೋಡಿದ. ಹಾರೆ ಎತ್ತಿಕೊಂಡ.

ಸಿಮೆಂಟು ಒಣಗಿದ ಮೇಲೆ ಮಾಯಮ್ಮ ಗೋಣಿ ಹಾಸಿ, ಮಂಡಿ ನೀವಿಕೊಳ್ಳುತ್ತಾ ಕೂತಳು. ಅಂಗೈಯಿಂದ ನೆಲ ಸವರಿದಳು.

"ಈಗ ಹದವಾಗೈತೆ. ಮೊದ್ಲು ಒಸಿ ಸುಡ್ತಿತ್ತು. ಮಗ ಆಸೆಪಟ್ಟು ಮಾಡ್ಸವ್ನೆ, ನೊಂದ್ಕತಾನೆ ಅಂತ ಸುಮ್ಕಿದ್ದೆ."

ಕೊನೆಯವರೆಗೂ ಅವಳು ಕೂಟಗಲ್ಲಿಗೆ ಹೋಗಿಬಂದಳೇ ಹೊರತು ಅಲ್ಲೇ ಉಳಿಯಲಿಲ್ಲ. ಈಗ ಅವಳಿಲ್ಲ, ಬಾಯ್ಲರು ಗುಜರಿ ಸೇರಿ ಎಷ್ಟೋ ಕಾಲವಾಯಿತು. ಪಡಸಾಲೆಯ ಮೂಲೆಯಲ್ಲಿ ಬೇರೆ ಬಣ್ಣದ ಸಿಮೆಂಟಿನ ತೇಪೆಯೊಂದು ಉಳಿದಿದೆ. ಚಳಿ ಹಿಡಿದರೆ ಬೋರಲಿಂಗಯ್ಯ ಅದರ ಮೇಲೆ ಗೋಣಿ ಹಾಸಿಕೊಂಡು ಕೂರುತ್ತಾನೆ. ನೆಲ ತಣ್ಣಗಿದೆ, ಒಳಗೆ ಬನ್ನಿ ಎಂದು ಸರಸಮ್ಮ ಕರೆಯುತ್ತಾಳೆ. ಅವನು ಅಂಗೈಯಿಂದ ಒಮ್ಮೆ ನೆಲ ಸವರಿ, "ಹದವಾಗೈತೆ ಕಣೆ" ಅನ್ನುತ್ತಾನೆ.