ಕೆಂಪು ಝೆನ್ನಿನ ಹಿಂಬಾಗಿಲು

ರಬ್ಬರ್ ಕೃಷಿಕ ಔತ ಆ ಕೆಂಪು ಝೆನ್ ಕಾರನ್ನು ಮನೆಗೆ ತಂದದ್ದು ಪಿಕಪ್ಪಿನ ಬೆನ್ನ ಮೇಲೆ. ಅದರ ಇಂಜಿನ್ ಸತ್ತು ಐದು ವರ್ಷವಾಗಿತ್ತು, ಎರಡು ಚಕ್ರಗಳಲ್ಲಿ ಗಾಳಿ ಇರಲಿಲ್ಲ. ಕಡಬದಿಂದ ಆಲಂಕಾರಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಇಳಿದರೆ ಸಿಗುವ ಅವನ ಅಂಗಳದಲ್ಲಿ ಆಗಲೇ ಒಂದು ಝೆನ್ ಇತ್ತು. ಬಿಳಿಯದು, ಇಪ್ಪತ್ತಮೂರು ವರ್ಷ ಹಳೆಯದು. ಅದು ದಿನಾ ಓಡುತ್ತಿತ್ತು.

ಹೆಂಡತಿ ಏಲಿಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವಳು ಪಿಕಪ್ಪನ್ನು ನೋಡಿ ಅಲ್ಲೇ ನಿಂತಳು.

"ಎಂತ ಅಚ್ಚಾಯ ಇದು? ಇದ್ದದ್ದನ್ನು ನೋಡಿಕೊಳ್ಳುದೇ ಸಾಕಾಗಿ ಹೋಗಿದೆ. ಓಡದ್ದು ಬೇರೆ ತಂದಿರಾ?"

"ಇದು ಓಡಿಸ್ಲಿಕ್ಕಲ್ಲ ಏಲಿ, ಬಿಚ್ಚಲಿಕ್ಕೆ."

ಔತನ ಲೆಕ್ಕ ಸರಿಯಾಗಿಯೇ ಇತ್ತು. ಆ ಕಾರು ತಯಾರಾಗುವುದು ನಿಂತು ಕಾಲವಾಗಿದೆ. ಒಂದು ಬಾಗಿಲ ಹಿಡಿ ಮುರಿದರೆ ಪುತ್ತೂರು, ಸುಳ್ಯ ಎರಡೂ ಕಡೆ ಅಲೆಯಬೇಕು. ಆಲಂಕಾರಿನ ಮೆಕ್ಯಾನಿಕ್ ವಿಷ್ಣುಪ್ರಸಾದನೇ, "ಅದೇ ಜಾತಿಯ ಒಂದು ಗಾಡಿ ತಂದು ಅಂಗಳದಲ್ಲಿ ಇಟ್ಟುಕೊಳ್ಳಿ ಔತಚ್ಚಾಯ, ಇನ್ನು ಹತ್ತು ವರ್ಷ ನಿಮಗೆ ಚಿಂತೆ ಇಲ್ಲ" ಎಂದಿದ್ದ. ಪುತ್ತೂರಿನ ಗುಜರಿ ಅಂಗಡಿಯ ಆದಂ ಕುಂಞಿ ಆ ಕೆಂಪು ಗಾಡಿಯನ್ನು ತೋರಿಸಿದಾಗ ಔತನಿಗೆ ಅಣ್ಣನಿಗೊಬ್ಬ ತಮ್ಮ ಸಿಕ್ಕಷ್ಟು ಖುಷಿಯಾಗಿತ್ತು.

ಆ ಬೇಸಿಗೆಯಲ್ಲಿ ಅವನ ಶನಿವಾರಗಳು ಚೆನ್ನಾಗಿ ಕಳೆದವು. ಬೆಳಿಗ್ಗೆ ರಬ್ಬರ್ ಹಾಲಿನ ಕೆಲಸ ಮುಗಿಸಿ ಗಂಜಿ ಕುಡಿದು ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಕೂತನೆಂದರೆ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ಕೆಂಪು ಗಾಡಿಯ ವೈಪರ್ ಮೋಟಾರು ಬಿಳಿಯದಕ್ಕೆ ಬಂತು, ಎಡಗಡೆಯ ಕನ್ನಡಿ ಬಂತು. ಮುಂದಿನ ಸೀಟನ್ನು ಹಿಂದೆ ಮುಂದೆ ಜಾರಿಸುವ ಹಳಿಯೂ ಬಂತು. ಹನ್ನೊಂದು ವರ್ಷದಿಂದ ಮೊಣಕಾಲು ಮಡಚಿಯೇ ಕೂರುತ್ತಿದ್ದ ಏಲಿಯಮ್ಮ ಅವತ್ತು ಮೊದಲ ಬಾರಿ ಕಾಲು ಚಾಚಿ ಕೂತಳು. ಆದರೂ ಒಂದು ಒಳ್ಳೆಯ ಮಾತು ಆಡಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಜಾಯಿಕಾಯಿ ಬೀಳುವ ಕಾಲವೂ ಅದೇ. ಕಾಯಿಗೆ ಸುತ್ತಿಕೊಂಡಿರುವ ಕೆಂಪು ಜಾಯಿಪತ್ರೆಯನ್ನು ಬಿಡಿಸಿ ಒಣಗಿಸುವುದು ಏಲಿಯಮ್ಮನ ಪಾಲಿನ ಕೆಲಸ, ಅದರ ತಲೆಬಿಸಿಯೂ ಅವಳದೇ. ಅಂಗಳದಲ್ಲಿ ಹರಡಿದರೆ ಹತ್ತು ನಿಮಿಷದಲ್ಲಿ ಮಳೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆ ವಾಸನೆ. ಹಾಗೇ ಬಿಟ್ಟರೆ ಬೂಸ್ಟು.

ಒಂದು ದಿನ ಔತ ನೆನೆದ ಗೋಣಿಚೀಲಗಳನ್ನು ಕೆಂಪು ಗಾಡಿಯ ಹಿಂದಿನ ಸೀಟಿಗೆ ಎಸೆದು ಮರೆತಿದ್ದ. ಮಳೆ ಬಿಟ್ಟು ಒಂದೆರಡು ಗಂಟೆ ಬಿಸಿಲು ಬಂದಿತ್ತು. ಚೀಲ ತೆಗೆಯಲು ಏಲಿಯಮ್ಮ ಬಾಗಿಲು ತೆರೆದಾಗ ಒಳಗಿನ ಕಾವು ಮುಖಕ್ಕೆ ಹೊಡೆಯಿತು. ಚೀಲಗಳು ಹಪ್ಪಳದ ಹಾಗೆ ಗರಿಗರಿಯಾಗಿದ್ದವು. ಅವಳು ಸ್ವಲ್ಪ ಹೊತ್ತು ಬಾಗಿಲು ಹಿಡಿದು ಯೋಚಿಸಿದಳು. ಆಮೇಲೆ ಒಳಗೆ ಹೋಗಿ ಎರಡು ಗೆರಸೆ ಜಾಯಿಪತ್ರೆ ತಂದು ಸೀಟಿನ ಮೇಲಿಟ್ಟಳು. ಆವಿ ಹೋಗಲೆಂದು ಕಿಟಕಿಯ ಗ್ಲಾಸನ್ನು ಒಂದು ಬೆರಳಷ್ಟು ಇಳಿಸಿದಳು.

ಒಂದು ವಾರದಲ್ಲಿ ಕೆಂಪು ಗಾಡಿಯ ತುಂಬ ಗೆರಸೆಗಳಾದವು. ಮಳೆ ಬಂದರೆ ಓಡಬೇಕಾಗಿಲ್ಲ, ಕೋಳಿ ಕೆದಕುವುದಿಲ್ಲ. ಜಾಯಿಪತ್ರೆ ಬೂಸ್ಟಿಲ್ಲದೆ ಚೆನ್ನಾಗಿ ಒಣಗಿ ಹಳದಿಗೆ ತಿರುಗಿತು. ಏಲಿಯಮ್ಮ ಗಂಡನನ್ನು ಕರೆದು ಅಲ್ಲೇ ಪಾಲು ಮಾಡಿದಳು.

"ಬಾನೆಟಿನ ಕಡೆ ನಿಮ್ಮದು. ಸೀಟಿನ ಕಡೆ ನನ್ನದು. ಕೇಳದೆ ಒಂದು ಸ್ಕ್ರೂ ಬಿಚ್ಚುದು ಬೇಡ."

ಔತ ನಗುತ್ತ ಒಪ್ಪಿದ. ಅವನಿಗೆ ಬೇಕಾದದ್ದೆಲ್ಲ ಬಾನೆಟಿನ ಕಡೆಯೇ ಇತ್ತು.

ಹಾಗೆ ಒಪ್ಪಿ ಎರಡು ಆದಿತ್ಯವಾರ ಕಳೆಯುವಷ್ಟರಲ್ಲಿ ಹಲಸಿನ ಹಣ್ಣು ಬಿತ್ತು. ಚರ್ಚಿನ ಹಿಂದೆ ಮರದ ಕೆಳಗೆ ಬಿಳಿ ಝೆನ್ ನಿಲ್ಲಿಸಿ ಗಂಡಹೆಂಡತಿ ಪೂಜೆಗೆ ಹೋಗಿದ್ದರು. ಬಂದು ನೋಡುವಾಗ ಹಿಂದಿನ ಗ್ಲಾಸು ಪುಡಿಪುಡಿ. ಮಾಗಿದ ಹಣ್ಣು ಹಿಂದಿನ ಸೀಟಿನಲ್ಲಿ ಒಡೆದು ಬಾಯಿ ತೆರೆದು ಕೂತಿತ್ತು.

ಜನ ಸೇರಿದರು. "ಅಯ್ಯೋ ಪಾಪ" ಎಂದರು. ಔತ ಮಾತ್ರ ಸಮಾಧಾನದಲ್ಲಿದ್ದ. "ನಮ್ಮಲ್ಲಿ ಇನ್ನೊಂದು ಉಂಟು. ಹಿಂಬಾಗಿಲನ್ನೇ ಬಿಚ್ಚಿ ಹಾಕಿದರಾಯಿತು, ಅರ್ಧ ಗಂಟೆಯ ಕೆಲಸ."

ಮನೆಗೆ ತಲುಪಿ ಅವನು ಸ್ಪ್ಯಾನರ್ ಹಿಡಿದು ಕೆಂಪು ಗಾಡಿಯ ಹಿಂದೆ ಹೋದಾಗ ಏಲಿಯಮ್ಮ ಅಡ್ಡ ನಿಂತಳು.

"ಒಳಗೆ ಒಂಬತ್ತು ಗೆರಸೆ ಉಂಟು. ಹಿಂಬಾಗಿಲು ತೆಗೆದರೆ ಕಾವು ಎಲ್ಲಿ ನಿಲ್ಲುದು?"

"ಪ್ಲಾಸ್ಟಿಕ್ ಕಟ್ಟಿಕೊಡ್ತೇನೆ ಮಾರಾಯ್ತಿ."

"ಪ್ಲಾಸ್ಟಿಕ್ ಸಾಕಾಗ್ತದಾದ್ರೆ ನಿಮ್ಮ ಗಾಡಿಗೇ ಕಟ್ಟಿ."

ರಬ್ಬರ್ ಮರಗಳಿಗೆ ಮಳೆಗಾಲದಲ್ಲಿ ಕಟ್ಟುವ ಪ್ಲಾಸ್ಟಿಕ್ ಹಾಳೆ ಮನೆಯಲ್ಲಿತ್ತು, ಅದನ್ನು ಅಂಟಿಸುವ ಕಪ್ಪು ಅಂಟೂ ಇತ್ತು. ಮರಕ್ಕೆ ಕಟ್ಟುವಷ್ಟೇ ಶ್ರದ್ಧೆಯಿಂದ ಔತ ಬಿಳಿ ಝೆನ್ನಿನ ಹಿಂಬದಿಗೆ ಅದನ್ನು ಅಂಟಿಸಿದ. ಗಾಡಿ ಓಡುವಾಗ ಅದು ಪಟಪಟ ಬಡಿಯುತ್ತಿತ್ತು. ಕಡಬ ಪೇಟೆಯಲ್ಲಿ ಯಾರೋ, "ಔತಚ್ಚಾಯ, ಇದರಿಂದ ದಿನಕ್ಕೆ ಎಷ್ಟು ಹಾಲು ಸಿಗ್ತದೆ?" ಎಂದು ಕೇಳಿದರು. ಅವನೂ ನಕ್ಕ. ಆದರೆ ಮಳೆಯ ನೀರು ಒಳಗೆ ಬರತೊಡಗಿದಾಗ ನಗು ಕಡಿಮೆಯಾಯಿತು. ಒಂದು ದಿನ ಪುತ್ತೂರಿಗೆ ಹೊರಟ.

ಆದಂ ಕುಂಞಿ ಪ್ಲಾಸ್ಟಿಕ್ಕನ್ನು ಬೆರಳಲ್ಲಿ ಒತ್ತಿ ನೋಡಿದ. "ಝೆನ್ನಿನ ಗ್ಲಾಸು ಈಗ ಎಲ್ಲಿಂದ ತರುದು? ಇದ್ದದ್ದನ್ನೆಲ್ಲ ನಿಮಗೇ ಇಡೀ ಕೊಟ್ಟೆನಲ್ಲ ಮಾರಾಯ್ರೆ!"

"ಅದರಲ್ಲಿ ಜಾಯಿಪತ್ರೆ ಒಣಗ್ತಾ ಉಂಟು."

"ಎಂತ ಒಣಗ್ತಾ ಉಂಟು?"

ಔತ ವಿವರಿಸಿದ. ಆದಂ ಕುಂಞಿ ಹೊಟ್ಟೆ ಹಿಡಿದು ನಕ್ಕ. ನಗು ನಿಂತ ಮೇಲೆ ತಲೆ ಕೆರೆದುಕೊಳ್ಳುತ್ತ ಅಂಗಡಿಯ ಹಿಂದಿನ ಜಾಗಕ್ಕೆ ಕರೆದುಕೊಂಡು ಹೋದ. ಅಲ್ಲಿ ಒಂದು ಹಳೆಯ ಶಾಲಾ ವ್ಯಾನು ನಿಂತಿತ್ತು. ಇಂಜಿನ್ ಇಲ್ಲ, ಸೀಟುಗಳಿಲ್ಲ. ಸುತ್ತಲಿನ ಗ್ಲಾಸು ಮಾತ್ರ ಒಂದೂ ಒಡೆದಿರಲಿಲ್ಲ.

"ಇದು ನೋಡಿ. ಇಂಜಿನ್ ಕೇಳಿಕೊಂಡು ಬಂದವರೆಲ್ಲ ಹಾಗೇ ಹೋದರು. ನಿಮ್ಮ ಮನೆಯವರಿಗೆ ಆಗ್ಬಹುದು."

"ನಾನು ಹೇಳಿದರೆ ಆಗುದಿಲ್ಲ. ಅವಳೇ ಬಂದು ನೋಡ್ಬೇಕು" ಎಂದ ಔತ.

ಮರುದಿನ ಏಲಿಯಮ್ಮ ಬಂದಳು. ವ್ಯಾನಿನ ಸುತ್ತ ಒಂದು ಸುತ್ತು ಹಾಕಿದಳು, ಗ್ಲಾಸುಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. ಆಮೇಲೆ ಒಳಗೆ ಹತ್ತಿ ಬಾಗಿಲು ಹಾಕಿಕೊಂಡಳು. ಅವತ್ತು ಪುಣ್ಯಕ್ಕೆ ಬಿಸಿಲಿತ್ತು. ಹೊರಗೆ ಗಂಡಸರಿಬ್ಬರು ಕಾದು ನಿಂತರು. ಐದು ನಿಮಿಷ ಕಳೆದು ಅವಳು ಇಳಿದಾಗ ಮುಖದ ಮೇಲೆ ಬೆವರು ಧಾರೆಧಾರೆಯಾಗಿ ಇಳಿಯುತ್ತಿತ್ತು.

"ಆಗ್ತದೆ," ಎಂದಳು ಮುಖ ಒರೆಸಿಕೊಳ್ಳುತ್ತ. "ಒಳಗೆ ಹಲಗೆ ಬಡಿದರೆ ಮೂರು ಅಂತಸ್ತು ಮಾಡ್ಬಹುದು. ಜಾಯಿಕಾಯಿಯೂ ಹಿಡಿಯುತ್ತದೆ."

ವ್ಯಾನು ಬಂದ ದಿನವೇ ಗೆರಸೆಗಳು ಮನೆ ಬದಲಾಯಿಸಿದವು. ಔತ ಕೆಂಪು ಹಿಂಬಾಗಿಲು ಬಿಚ್ಚಿ ಬಿಳಿ ಗಾಡಿಗೆ ಜೋಡಿಸಿದ. ಅರ್ಧ ಗಂಟೆ ಎಂದವನಿಗೆ ಎರಡೂವರೆ ಗಂಟೆ ಬೇಕಾಯಿತು. ಒಂದು ಬೋಲ್ಟು ತುಕ್ಕು ಹಿಡಿದು ಹಟ ಮಾಡಿತು. ಏಲಿಯಮ್ಮ ಬಾಗಿಲನ್ನು ಎತ್ತಿ ಹಿಡಿದು ನಿಂತಳು, ಕೈ ಸೋತರೂ ಬಿಡಲಿಲ್ಲ. ಕೊನೆಗೆ ಬಾಗಿಲು ಟಪ್ಪೆಂದು ಸರಿಯಾಗಿ ಕೂತಿತು. ಆ ಸದ್ದಿಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಳೆ ಕಳೆದ ಮೇಲೆ ಬಿಳಿ ಪೈಂಟ್ ಹೊಡೆಸ್ತೇನೆ" ಎಂದ ಔತ, ಸ್ವಲ್ಪ ದೂರ ನಿಂತು ನೋಡುತ್ತ.

"ಬೇಡ, ಇರಲಿ ಹೀಗೇ" ಎಂದಳು ಏಲಿಯಮ್ಮ. "ಮದುವೆ ಹಾಲ್‌ನ ಹೊರಗೆ ನೂರು ಬಿಳಿ ಕಾರು ನಿಂತಿರ್ತದೆ. ನಮ್ಮದು ಯಾವುದೆಂದು ಹುಡುಕಿ ಹುಡುಕಿ ನನಗೆ ಸಾಕಾಗಿದೆ."

ಔತ ಕೀಲಿ ತಂದ. ಸೀಟಿನಲ್ಲಿ ಹಲಸಿನ ಹಣ್ಣಿನ ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು. ಏಲಿಯಮ್ಮ ಒಣಗಿದ ಜಾಯಿಪತ್ರೆಯ ಚೀಲವನ್ನು ಹಿಂದಿಟ್ಟು, ಮುಂದೆ ಬಂದು ಕೂತು ಕಾಲು ಚಾಚಿದಳು. ಅದನ್ನು ಕೊಳ್ಳುವ ಅಂಗಡಿ ಮುಚ್ಚುವ ಮೊದಲು ಕಡಬ ತಲುಪಬೇಕಿತ್ತು. ಸಾಕಷ್ಟು ಹೊತ್ತಿದ್ದುದರಿಂದ ಔತ ನಿಧಾನಕ್ಕೇ ಓಡಿಸಿದ.