ಹಲಸಿನ ಮರದ ಎಡಕ್ಕೆ ಅರಿಶಿನ

ಬುಟ್ಟಿಯ ಮೇಲೆ ಬಗ್ಗಿದ ವಿಪಾ ಹಾಗೆಯೇ ನಿಂತುಬಿಟ್ಟಳು. ಹೆಚ್ಚಿಟ್ಟ ಬಿಲ್ಲೆಗಳಿಂದ ಅರಿಶಿನದ ಬೆಚ್ಚನೆಯ ಮಣ್ಣುವಾಸನೆ ಬರಬೇಕಾಗಿತ್ತು. ಬಂದದ್ದು ಕರ್ಪೂರದಂಥ ಘಾಟು, ಕಾಲು ಉಳುಕಿದರೆ ತಿಕ್ಕುವ ಎಣ್ಣೆಯ ಘಾಟು. ಒಂದು ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದಳು. ಹಳದಿಯೇನೋ ಹೌದು, ಆದರೆ ಅರಿಶಿನದ ಕೆಂಪುಗಟ್ಟಿದ ಹಳದಿಯಲ್ಲ, ಹಸಿರು ಬೆರೆತ ಪೇಲವ ಹಳದಿ. ಇದು ಪ್ಲಾಯ್. ಅರಿಶಿನದ ದಾಯಾದಿ ಗೆಡ್ಡೆ. ಬಟ್ಟೆಯಲ್ಲಿ ಗಂಟು ಕಟ್ಟಿ, ಹಬೆಯಲ್ಲಿ ಬಿಸಿ ಮಾಡಿ ನೋವಿನ ಜಾಗಕ್ಕೆ ಒತ್ತಿದರೆ ಹಾಯೆನಿಸುತ್ತದೆ. ಸಾರಿಗೆ ಹಾಕಿದರೆ ಮಾತ್ರ ನಾಯಿಯೂ ಮೂಸುವುದಿಲ್ಲ.

ಪಕ್ಕದ ಬಿದಿರು ಮಂಚದ ಮೇಲೆ ಅತ್ತೆ ಯೂಪಿನ್ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಬೆಳಗಾಗುತ್ತಲೇ ಗುದ್ದಲಿ ಹಿಡಿದು ಹಿತ್ತಲಿಗೆ ಹೋಗಿ, ಅಗೆದು, ತೊಳೆದು, ಸಿಪ್ಪೆ ಹೆರೆದು, ಹೆಚ್ಚಿಟ್ಟವಳೂ ಅವಳೇ. ದೊಡ್ಡಡುಗೆಯ ಅರಿಶಿನವನ್ನು ಬೇರೆಯವರ ಕೈಗೆ ಕೊಡುವ ಹೆಂಗಸಲ್ಲ ಅವಳು.

"ಏನೇ, ಬುಟ್ಟೀಲಿ ಹಾವು ಕಂಡ್ಯಾ?"

"ಇಲ್ಲ ಅತ್ತೆ..."

"ಮತ್ಯಾಕೆ ಮೂಸ್ತಾ ನಿಂತಿದೀಯ? ಮೂಗಿರೋರು ಮೂಸ್ಬೇಕು. ನಿನಗ್ಯಾಕೆ ಆ ಕಷ್ಟ?"

ಈ ಮೂಗಿನ ಮಾತಿಗೆ ಎರಡು ವರ್ಷ ವಯಸ್ಸು. ವಿಪಾ ದೇಶದ ನಡುಭಾಗದ ಅಯುಥಯಾ ಕಡೆಯ ಹುಡುಗಿ. ಅಲ್ಲಿಯವರು ಹುಳಿ ಮೀನುಸಾರಿಗೆ ಅರಿಶಿನವನ್ನೇ ಹಾಕುವುದಿಲ್ಲ, ಪಾಪ. ಮದುವೆಯಾಗಿ ದಕ್ಷಿಣದ ಈ ಥಲೇ ನೋಯ್ ಸರೋವರದ ದಂಡೆಗೆ ಬಂದ ಮೊದಲ ವಾರ ಅವಳು ಮಾಡಿದ ಸಾರನ್ನು ಯೂಪಿನ್ ಒಂದು ಚಮಚ ಬಾಯಿಗಿಟ್ಟು, "ಕೆಂಪು ನೀರು ಚೆನ್ನಾಗಿದೆ, ಕಾಲು ತೊಳ್ಕೊಳೋಕಾಗತ್ತೆ," ಅಂದಿದ್ದಳು. ಅಷ್ಟಕ್ಕೇ ಬಿಡುತ್ತಿದ್ದಳೋ ಏನೋ, ವಿಪಾ ನಮ್ಮ ಸಾರನ್ನು ತನ್ನೂರಿನವರ ಹಾಗೆ 'ಹಳದಿ ಸಾರು' ಎಂದುಬಿಟ್ಟಳು. ಮುಗಿಯಿತು ಕಥೆ.

"ಹಳದಿ ಸಾರಂತೆ! ನಿಮ್ಮಪ್ಪನ್ನ ನೀಲಿ ಅಂಗಿ ಅಂತ ಕರೀತೀಯೇನೇ? ಅದಕ್ಕೊಂದು ಹೆಸರಿದೆ, ಹುಳಿ ಸಾರು ಅಂತ. ಅರಿಶಿನ ಇಲ್ದಿದ್ರೆ ಅದು ಸಾರೇ ಅಲ್ಲ, ಇನ್ನು ಬಣ್ಣ ಬೇರೆ ಹೇಳ್ಬೇಕಾ?"

ಮಾತು ಖಾರವೇ, ಆದರೆ ಸುಳ್ಳೆನ್ನಲಾರೆ. ನಮ್ಮ ದಕ್ಷಿಣದಲ್ಲಿ ಅರಿಶಿನ ಕಾಣದ ಒಲೆ ಎಲ್ಲಿದೆ? ಅರಿಶಿನ, ಬೆಳ್ಳುಳ್ಳಿ, ಉಪ್ಪು ಸವರಿ ಕರಿದ ಮೀನಿಗಿಂತ ಬಾಣಲೆಯ ತಳದಲ್ಲಿ ಉಳಿದ ಗರಿಗರಿ ಪುಡಿಗೇ ಮಕ್ಕಳು ಕಿತ್ತಾಡುತ್ತವೆ. ಹೊಟ್ಟೆ ಉರಿದರೆ ಅರಿಶಿನಪುಡಿ ಜೇನಿನ ಗುಳಿಗೆ. ಜರಿಹುಳು ಕಚ್ಚಿದರೆ ಅರಿಶಿನ, ಸುಣ್ಣ. ಯೂಪಿನ್‌ಳ ಬೆರಳ ತುದಿಗಳಂತೂ ಸೋಪಿಗೂ ಬಗ್ಗದಷ್ಟು ಹಳದಿ. ಒರಳಿನಲ್ಲಿ ಕುಟ್ಟುತ್ತಿರುವ ಅರಿಶಿನ ಈ ವರ್ಷದ್ದೋ ಕಳೆದ ವರ್ಷದ್ದೋ ಎಂದು ಬೇಲಿಯಾಚೆಯಿಂದಲೇ ಹೇಳುತ್ತಿದ್ದಳು ಮಹಾತಾಯಿ. ಕಣ್ಣಿಗೆ ಪೊರೆ ಬಂದು ಐದು ವರ್ಷ, ಅವಳಿಗೆ ಲೋಕವೆಲ್ಲ ಮಂಜು. "ಕಣ್ಣು ಹೋದ್ರೆ ಹೋಗ್ಲಿ, ಮೂಗಿದೆ," ಎಂದು ನಕ್ಕು, ಇನ್ನೂರು ಜನರ ಸಾರಿಗೆ ಸೌಟು ಹಿಡಿಯುತ್ತಿದ್ದಳು. ಊರ ಬೌದ್ಧ ವಿಹಾರದ ಅಡುಗೆಮನೆಯಲ್ಲಿ ಆ ಸೌಟು ಮೂವತ್ತು ವರ್ಷದಿಂದ ಅವಳದು.

ನಾಳೆಯ ಅಡುಗೆಯಂತೂ ಅವಳ ಸ್ವಂತದ್ದು. ಕಿರಿಮಗ ಕೋಮಿನ್ ಭಿಕ್ಷುವಾಗುತ್ತಿದ್ದ. ಮಗ ಕಾವಿ ಉಟ್ಟರೆ ಪುಣ್ಯ ಮೊದಲು ಸಲ್ಲುವುದು ಹೆತ್ತವಳಿಗೆ. ಇದಕ್ಕಿಂತ ದೊಡ್ಡ ದಿನ ಅವಳ ಬಾಳಿನಲ್ಲಿ ಇನ್ನು ಬರುವಂತಿರಲಿಲ್ಲ.

ಅತ್ತೆ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆಯೇ? ವಿಪಾಗೆ ಮೊದಲು ಹೊಳೆದದ್ದು ಇದೇ. ಬೇಕೆಂದೇ ಪ್ಲಾಯ್ ಹೆಚ್ಚಿಟ್ಟು ಸೊಸೆಯ ಮರ್ಯಾದೆ ಕಳೆಯುವ ಆಟ ಇರಬಹುದು. ಅಷ್ಟರಲ್ಲಿ ಯೂಪಿನ್ ಕೈ ಚಾಚಿ ಒಂದು ಬಿಲ್ಲೆ ತೆಗೆದುಕೊಂಡಳು. ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡಳು.

"ಆಹಾ! ಇಂಥ ಅರಿಶಿನ ಈಚೆಗೆ ಬಂದೇ ಇಲ್ಲ ಕಣೇ."

ಇದು ಆಟವಲ್ಲ. ಅತ್ತೆಗೆ ಏನೇನೂ ವಾಸನೆ ಬರುತ್ತಿಲ್ಲ. ಮಳೆಗಾಲದಲ್ಲಿ ಬಂದ ಆ ಕೆಟ್ಟ ಜ್ವರ, ಅದಾದ ಮೇಲೆ ಅತ್ತೆ ಬೇಲಿಯಾಚೆಯ ಒರಳಿನ ಬಗ್ಗೆ ಒಂದು ಮಾತೂ ಆಡದಿದ್ದದ್ದು, ಹೋದ ತಿಂಗಳು ಒಲೆಯ ಪಕ್ಕದಲ್ಲೇ ಕೂತಿದ್ದರೂ ಅನ್ನ ಸೀದದ್ದು ತಿಳಿಯದೆ ಸೊಸೆಯ ಉರಿಯನ್ನು ಬೈದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಆರು ತಿಂಗಳು ಈ ಹೆಂಗಸು ಯಾರಿಗೂ ಗೊತ್ತಾಗದಂತೆ, ಬರೀ ಅಭ್ಯಾಸಬಲದಿಂದ ಅಡುಗೆ ಮಾಡಿದ್ದಾಳೆ!

ಹಿತ್ತಲಲ್ಲಿ ಏನಾಗಿದೆಯೆಂದೂ ಈಗ ತಿಳಿಯಿತು. ಹಲಸಿನ ಮರದ ಎಡಕ್ಕೆ ಅರಿಶಿನದ ಮಡಿ, ಬಲಕ್ಕೆ ಪ್ಲಾಯ್ ಮಡಿ. ಈ ಬೇಸಿಗೆಯಲ್ಲಿ ಎರಡರ ಎಲೆಯೂ ಒಣಗಿ ಉದುರಿ, ಮೇಲಿಂದ ನೋಡಿದರೆ ಬರೀ ನೆಲ. ನಾಳೆಯ ಸಮಾರಂಭಕ್ಕೆ ಚಪ್ಪರ ಹಾಕಿದವರು ಎಂದಿನ ದಾರಿ ಮುಚ್ಚಿದ್ದರು. ಯೂಪಿನ್ ಬಾವಿಯ ಕಡೆಯಿಂದ ಸುತ್ತಿ ಹೋಗಿದ್ದಳು. ಆ ಕಡೆಯಿಂದ ಹೋದವರಿಗೆ ಎಡ ಬಲವಾಗುತ್ತದೆ.

ನಿಜ ಹೇಳಬೇಕೆಂದರೆ ಒಂದು ಗಳಿಗೆ ವಿಪಾಗೆ ಖುಷಿಯಾಯಿತು. ಸುಮ್ಮನಿದ್ದರೆ ಸಾಕು. ಎಂಟು ಗಂಟೆಗೆ ಕುಟ್ಟುವ ಹೆಂಗಸರು ಬರುತ್ತಾರೆ. ಅವರ ಮುಂದೆ ಕ್ಲಾಯ್ ಚಿಕ್ಕಮ್ಮ ಇರುತ್ತಾಳೆ, ಪಕ್ಕದ ಮನೆಯವಳು, ಆ ಸೌಟಿನ ಮೇಲೆ ಎಷ್ಟೋ ವರ್ಷದಿಂದ ಕಣ್ಣಿಟ್ಟವಳು. ಬುಟ್ಟಿಗೆ ಬಗ್ಗಿದ ಕ್ಷಣದಲ್ಲೇ ಅವಳು ಊರು ಒಂದು ಮಾಡುತ್ತಾಳೆ. ಆಮೇಲೆ ಮೂಗಿನ ಮಾತು ಯಾರು ಆಡುತ್ತಾರೋ ನೋಡೋಣ.

ಯೂಪಿನ್ ಬಿಲ್ಲೆಯನ್ನು ಇನ್ನೊಮ್ಮೆ ಮೂಗಿಗೆ ಹಿಡಿದಳು. ಈ ಸಲ ಆಹಾ ಎನ್ನಲಿಲ್ಲ. ಆ ಹಳದಿ ಬೆರಳುಗಳನ್ನು ನೋಡುತ್ತಿದ್ದ ವಿಪಾಗೆ ತನ್ನ ಬಾಣಂತನ ನೆನಪಾಯಿತು. ಮಗು ಹುಟ್ಟಿದ ಮೇಲೆ ಬೆಂಕಿಯ ಪಕ್ಕ ಮಲಗಿಸಿ ಹನ್ನೊಂದು ದಿನ ಹೊಟ್ಟೆಗೂ ಸೊಂಟಕ್ಕೂ ಅರಿಶಿನ ಅರೆದು ಹಚ್ಚಿದ್ದು ಇದೇ ಬೆರಳು. ಬಾಯಿ ಬೈಯುತ್ತಲೇ ಇತ್ತು, ಕೈ ಮಾತ್ರ ಹೂವಿನಷ್ಟು ಹಗುರ. ಹೆತ್ತ ತಾಯಿಯೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ.

"ಅತ್ತೆ, ಇದರಲ್ಲಿನ್ನೂ ಮಣ್ಣಿದೆ. ಒಂದು ಸಲ ತೊಳ್ಕೊಂಡು ಬರ್ತೀನಿ."

"ನಾನು ತೊಳೆದದ್ದರಲ್ಲಿ ಮಣ್ಣಾ?"

"ಸ್ವಲ್ಪ," ಎಂದವಳೇ ಬುಟ್ಟಿ ಎತ್ತಿಕೊಂಡು ಹೊರಟುಬಿಟ್ಟಳು.

ಪ್ಲಾಯನ್ನು ನೀರಿನ ಹಂಡೆಯ ಹಿಂದೆ ಸುರಿದು ಗೋಣಿ ಮುಚ್ಚಿದಳು. ಗುದ್ದಲಿ ಅತ್ತೆಯ ಮಂಚದ ಕೆಳಗಿತ್ತು. ಕೈಗೆ ಸಿಕ್ಕ ಮುರುಕು ಮಚ್ಚಿನಲ್ಲೇ ಹಲಸಿನ ಎಡಕ್ಕೆ, ನಿಜವಾದ ಎಡಕ್ಕೆ, ಮಂಡಿಯೂರಿ ಅಗೆಯತೊಡಗಿದಳು. ನೆಲ ಕಲ್ಲಾಗಿತ್ತು. ಅವಸರಕ್ಕೆ ಮಚ್ಚು ಜಾರಿ ಹೆಬ್ಬೆರಳಿಗೆ ಬಿತ್ತು. ರಕ್ತ ಬಂದ ಬೆರಳನ್ನು ಬಾಯಲ್ಲಿಟ್ಟು ಚೀಪಿ ಮತ್ತೆ ಅಗೆದಳು. ಮೊದಲ ಗೆಡ್ಡೆ ಮುರಿದಾಗ ಎದ್ದ ವಾಸನೆಗೆ ಅವಳ ಕಣ್ಣಲ್ಲಿ ನೀರೇ ಬಂತು. ಇಂಥ ವಾಸನೆಯನ್ನು ಕಳೆದುಕೊಂಡವಳು ಹೇಗೆ ಬದುಕುತ್ತಾಳೆ?

"ಇದೇನೇ ವಿಪಾ! ನಿಮ್ಮತ್ತೆ ಬೆಳಿಗ್ಗೇನೇ ಅಗೆದು ಮುಗಿಸಿದ್ರಲ್ಲ?"

ಬೇಲಿಯ ಮೇಲೆ ಕ್ಲಾಯ್ ಚಿಕ್ಕಮ್ಮನ ತಲೆ. ಬುಟ್ಟಿಯೊಳಗೆ ಏನಿದೆಯೆಂದು ಆ ಕಣ್ಣು ಆಗಲೇ ಹುಡುಕುತ್ತಿತ್ತು.

"ತೊಳೆಯೋಕೆ ಹೋಗಿ ಚರಂಡೀಗೆ ಚೆಲ್ಲಿಬಿಟ್ಟೆ ಚಿಕ್ಕಮ್ಮಾ," ಎಂದಳು ವಿಪಾ. ಅವಳು ಸುಳ್ಳು ಹೇಳುವುದರಲ್ಲಿ ಜಾಣೆಯಲ್ಲ, ಆದರೆ ಕ್ಲಾಯ್‌ಗೆ ಬೇಕಾಗಿದ್ದ ಸುಳ್ಳು ಇದು. ಅರ್ಧ ಗಂಟೆಯೊಳಗೆ ಒರಳುಗಳ ಸುತ್ತ ಕೂತ ಆರೂ ಹೆಂಗಸರ ಬಾಯಲ್ಲಿ ಅದೇ ಮಾತು.

"ಚೆಲ್ಲಿದ್ಲಂತೆ! ನಾಲ್ಕು ಕಿಲೋ ಅರಿಶಿನ!"

"ಅವರೂರಲ್ಲಿ ಅರಿಶಿನಕ್ಕೆ ಬೆಲೆ ಎಲ್ಲಿದೆ ಬಿಡಿ."

ಯೂಪಿನ್ ಎಲ್ಲರಿಗಿಂತ ಗಟ್ಟಿಯಾಗಿ ಬೈದಳು. "ಕೈಯೋ ಅದು ಬಾಳೆದಿಂಡೋ? ನನ್ನ ಮಗ ಕಾವಿ ಉಡೋ ಹೊತ್ತಲ್ಲೂ ನಿನ್ನ ಕೈಲಿ ಒಂದು ಕೆಲಸ ನೆಟ್ಟಗಾಗಲ್ವಲ್ಲೇ!" ವಿಪಾ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಒನಕೆ ಹಿಡಿದಳು. ಮೆಣಸಿನಕಾಯಿ, ಉಪ್ಪು, ಅರಿಶಿನ, ಬೆಳ್ಳುಳ್ಳಿ, ಕೊನೆಗೆ ಹುದುಗಿಸಿದ ಸೀಗಡಿ ಮುದ್ದೆ. ಮಧ್ಯಾಹ್ನದ ಹೊತ್ತಿಗೆ ಅಂಗಳವೆಲ್ಲ ಘಮಘಮ. ಕ್ಲಾಯ್ ಕೂಡ ಒಮ್ಮೆ ಜೋರಾಗಿ ಉಸಿರೆಳೆದುಕೊಂಡಳು.

ಸಂಜೆ ಎಲ್ಲರೂ ಹೋದ ಮೇಲೆ ಯೂಪಿನ್ ಕೈಕಾಲು ತೊಳೆಯಲು ಹಂಡೆಯ ಹತ್ತಿರ ಹೋದಳು. ಕಾಲಿಗೆ ಗೋಣಿ ತೊಡರಿತು. ಬಗ್ಗಿ ತಡವಿದಳು. ಬಿಲ್ಲೆಗಳು. ತಾನೇ ಹೆಚ್ಚಿದ ದಪ್ಪದ ಬಿಲ್ಲೆಗಳು. ಚರಂಡಿಗೆ ಹೋದದ್ದು ಇಲ್ಲಿಗೆ ಹೇಗೆ ಬಂತು? ಒಂದನ್ನು ಮೂಗಿಗೆ ಹಿಡಿದಳು, ಪೊರೆಗಣ್ಣಿನ ಹತ್ತಿರ ತಂದಳು. ಎರಡೂ ಉತ್ತರ ಕೊಡಲಿಲ್ಲ. ಆಮೇಲೆ ಕಚ್ಚಿದಳು. ನಾಲಿಗೆ ಕಹಿಯಾಗಿ ಚುರುಗುಟ್ಟಿತು. ಅರಿಶಿನವಲ್ಲ, ಪ್ಲಾಯ್. ಥೂ ಎಂದು ಉಗಿದು, ಹಂಡೆಯ ಅಂಚು ಹಿಡಿದುಕೊಂಡಳು.

ಬಾಗಿಲಲ್ಲಿ ನಿಂತಿದ್ದ ವಿಪಾ ಎಲ್ಲವನ್ನೂ ನೋಡಿದಳು. ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ಯೂಪಿನ್ ಒಳಗೆ ಬಂದು, ಊಟ ಬೇಡವೆಂದು, ಗೋಡೆಗೆ ಮುಖಮಾಡಿ ಮಲಗಿಬಿಟ್ಟಳು. ಇನ್ನು ಈ ಹೆಂಗಸು ನನ್ನ ಮುಖ ನೋಡುವುದಿಲ್ಲ ಎಂದುಕೊಂಡಳು ವಿಪಾ.

ಬೆಳಿಗ್ಗೆ ಚಪ್ಪರದಡಿ ಊರೆಲ್ಲ ಸೇರಿತ್ತು. ತಾಯಿ ಕೂದಲಿನ ಮೊದಲ ಕುಚ್ಚು ಕತ್ತರಿಸಿದಳು, ಹಿರಿಯ ಭಿಕ್ಷು ಉಳಿದ ತಲೆಯನ್ನೂ ಹುಬ್ಬನ್ನೂ ಬೋಳಿಸಿದರು. ಕೋಮಿನ್ ಕೈಮುಗಿದು, ಎಳೆ ಮಗುವಿನಂಥ ತಲೆ ತಗ್ಗಿಸಿ ಕೂತ. ಇನ್ನು ಆ ತಲೆಗೆ ಅರಿಶಿನ ಹಚ್ಚಬೇಕು. ಅರೆದು ನೀರಲ್ಲಿ ಕದಡಿಟ್ಟಿದ್ದ ಬಟ್ಟಲನ್ನು ಯೂಪಿನ್ ಕೈಗೆತ್ತಿಕೊಂಡಳು. ಎತ್ತಿಕೊಂಡವಳು ಹಚ್ಚಲಿಲ್ಲ.

"ವಿಪಾ, ಬಾ ಇಲ್ಲಿ."

ವಿಪಾ ಹೆಂಗಸರ ಸಾಲಿನಿಂದ ಎದ್ದು ಬಂದಳು. ಯೂಪಿನ್ ಬಟ್ಟಲನ್ನು ಎಲ್ಲರೆದುರಿಗೆ ಅವಳ ಮೂಗಿನ ಹತ್ತಿರ ಹಿಡಿದಳು.

"ಮೂಸಿ ಹೇಳು. ಸರಿಯಾಗಿದೆಯಾ?"

ವಿಪಾ ಬಗ್ಗಿ ಉಸಿರೆಳೆದುಕೊಂಡಳು. "ಅರಿಶಿನ ಅತ್ತೆ. ಒಳ್ಳೇ ಅರಿಶಿನ."

"ಅರೆರೆ!" ಕ್ಲಾಯ್ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. "ನಿನ್ನ ಸೊಸೆಗೆ ಮೂಗು ಯಾವಾಗ ಬಂತು ಯೂಪಿನ್?"

"ಮೊದಲಿಂದ್ಲೂ ಇತ್ತು. ಈಗ ಹೋಗಿರೋದು ನಂದು," ಎಂದಳು ಯೂಪಿನ್. "ಇವತ್ತಿನ ಸಾರು ಇವಳು ಮೂಸಿ ಹೇಳಿದ ಮೇಲೇ ಇಳಿಸೋದು. ಸೌಟು ನನ್ನ ಕೈಲಿರತ್ತೆ, ಮೂಗು ಇವಳದು."

ಹೀಗೆ ಹೇಳಿ ಮಗನ ತಲೆಗೆ ಅರಿಶಿನ ಸವರಿದಳು. ಹಣೆಯಿಂದ ಕತ್ತಿನವರೆಗೆ, ಕಿವಿಯ ಹಿಂದೆ, ಬೋಳು ಹುಬ್ಬಿನ ಮೇಲೆ, ಒಂದಿಷ್ಟೂ ಜಾಗ ಬಿಡದೆ. ಬಿಸಿಲಿಗೆ ಆ ತಲೆ ಹೊಳೆಯಿತು. ಬಟ್ಟಲಿನ ತಳದಲ್ಲಿ ಒಂದಿಷ್ಟು ಗಸಿ ಉಳಿದಿತ್ತು.

ಗುದ್ದಲಿ ನಿನ್ನೆ ತನ್ನ ಮಂಚದ ಕೆಳಗೇ ಇತ್ತೆಂಬುದು ಯೂಪಿನ್‌ಗೆ ನೆನಪಿತ್ತು. ಸೊಸೆಯ ಎಡಗೈ ಹಿಡಿದು ಮುಷ್ಟಿ ಬಿಡಿಸಿದಳು. ಬೆರಳುಗಳನ್ನು ಒಂದೊಂದಾಗಿ ತಡವಿ, ಹೆಬ್ಬೆರಳಿನ ಗಾಯ ಸಿಕ್ಕಾಗ ಕೈ ನಿಲ್ಲಿಸಿದಳು. ಗಸಿಯನ್ನೆಲ್ಲ ತೋರುಬೆರಳಲ್ಲಿ ಬಳಿದು ಅದಕ್ಕೆ ಹಚ್ಚಿದಳು.

"ಉರೀತಾ?"

"ಹೂಂ."

ಯೂಪಿನ್ ಆ ಬೆರಳನ್ನು ಹಿಡಿದುಕೊಂಡೇ ನಿಂತಿದ್ದಳು.